ಡ್ರೈವರ್ ಬಾಗಿಲಿನ ಹಿಡಿಕೆ

"ನಡೀತದ ಬಿಡ್ರಿ ಅಕ್ಕೋರ." ಈ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾನು ಚಿತ್ತಾಪುರದಲ್ಲಿ ಶಾಲಾ ಶಿಕ್ಷಕಿ. ಮಕ್ಕಳ ತಪ್ಪು ಲೆಕ್ಕಕ್ಕೆ ನಾನು "ನಡೀತದ ಬಿಡು" ಅಂದರೆ ಇದೇ ಜನ ಶಾಲೆಗೆ ಬಂದು ಜಗಳ ತೆಗೆಯುತ್ತಾರೆ. ಹಳೆಯ ಕಾರಿನ ವಿಷಯದಲ್ಲಿ ಮಾತ್ರ ಅವರಿಗೆ ಎಲ್ಲವೂ ನಡೆಯುತ್ತದೆ.

ಕಾರು ಅಪ್ಪನದು. ವಾಡಿ ಸ್ಟೇಷನ್ ಮುಂದೆ ನಿಲ್ಲಿಸಿಕೊಂಡು ಮೂವತ್ತು ವರ್ಷ ಬಾಡಿಗೆಗೆ ಓಡಿಸಿದ ಅಂಬಾಸಿಡರ್. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ಕಸಿದ ಮೇಲೆ ಅದು ಶಹಾಬಾದಿನಲ್ಲಿ, ನನ್ನ ತಮ್ಮನ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ, ಫರ್ಸಿ ಕಲ್ಲಿನ ಚಪ್ಪಡಿಗಳ ಹಿಂದೆ ಧೂಳು ತಿನ್ನುತ್ತ ನಿಂತಿತ್ತು. "ಒಮ್ಮೆ ಅದರಾಗ ಕುಂತು ಮಳಖೇಡದ ಹೊಳಿ ದಾಟಬೇಕವ್ವಾ" ಎಂದು ಅಲ್ಲೇ ತಮ್ಮನ ಮನೆಯಲ್ಲಿರುವ ಅಪ್ಪ ಒಂದು ದಿನ ಅಂದ. ಒಂದೇ ಸಲ ಅಂದದ್ದು. ಎರಡು ವರ್ಷ ನಾನು ಒಂದು ಭಾನುವಾರವನ್ನೂ ಬಿಡದೆ ಅದರ ಬೆನ್ನು ಹತ್ತಿದೆ. ದೀಪದ ಗಾಜು, ಕನ್ನಡಿ, ಸೀಟಿನ ಸ್ಪ್ರಿಂಗು, ಎಲ್ಲವೂ ಆ ಕಾಲದ್ದೇ ಬೇಕೆಂದು ಹಟ ಹಿಡಿದು ಹುಡುಕಿದೆ.

ಕೊನೆಗೆ ಬಣ್ಣಕ್ಕೆಂದು ವಾಡಿಯ ಪೇಂಟರಿಗೆ ಕೊಟ್ಟೆ. ಗಾಡಿ ತಿರುಗಿ ಬಂದ ದಿನ ಅಪ್ಪ ಬಾಗಿಲು ತಡವಿ, ಹಿಡಿಕೆಯ ಮೇಲೆ ಕೈಯಿಟ್ಟವನು ಬಿಸಿ ತಾಗಿದವನ ಹಾಗೆ ಹಿಂದೆ ತೆಗೆದ. "ಇದು ನನ್ನ ಗಾಡಿ ಅಲ್ಲ. ಯಾರದೋ ಏನೋ" ಎಂದು ಕಟ್ಟೆಗೆ ಹೋಗಿ ಕೂತುಬಿಟ್ಟ. ನೋಡುತ್ತೇನೆ, ಡ್ರೈವರ್ ಬಾಗಿಲಿಗೆ ಹೊಸ ಮಾದರಿಯ, ಹಗುರಾದ ಹಿಡಿಕೆ! ಅಲ್ಲಿಂದಲೇ ಪೇಂಟರಿಗೆ ಫೋನು ಹಚ್ಚಿದೆ.

"ಹಳೇದ್ರ ಮ್ಯಾಲಿನ ಕ್ರೋಮೆಲ್ಲ ಹೋಗಿತ್ರಿ, ಗುಜರಿಗೆ ಹಾಕ್ದೆ. ಹೊಸಾದ ಹಚ್ಚೀನಿ. ನಡೀತದ ಬಿಡ್ರಿ ಅಕ್ಕೋರ."

ಅವತ್ತು ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯಲಾಗದು. ಸಿಟ್ಟು ಎಷ್ಟಿತ್ತೆಂದರೆ ಅವನ ಮಾತಿನ ಮೊದಲರ್ಧ ನನ್ನ ತಲೆಗೆ ಹೋಗಲೇ ಇಲ್ಲ.

ಆ ಗುಜರಿಗೆ ಹೋದರೆ ಲಾರಿ ಮಾಲು ತುಂಬಿಕೊಂಡು ಹೋಗಿತ್ತು. ಸೇಡಂನಲ್ಲಿ ಒಬ್ಬ ಟ್ರ್ಯಾಕ್ಟರಿನ ಹಿಡಿಕೆ ತೋರಿಸಿದ. ಚಿತ್ತಾಪುರದಲ್ಲಿ ಇನ್ನೊಬ್ಬ, "ನಿಮಗ್ಯಾಕ್ರೀ ಇದೆಲ್ಲ? ಮನ್ಯಾಗ ಗಂಡಸರ ಇಲ್ಲೇನು?" ಎಂದ. ಇದ್ದಾರೆ, ನಿನ್ನ ಹಾಗೇ ಕೂತಿದ್ದಾರೆ ಎಂದು ಹೇಳಿ ಬಂದೆ. ಮೊಬೈಲಿನಲ್ಲಿ ಹಳೆಯ ಕಾರುಗಳ ಫೋಟೊ ಹಾಕುವವರ ಗುಂಪು ಸೇರಿ ಕ್ರೋಮಿನ ಹೊಳಪು, ಹಿಡಿಕೆಯ ಬಾಗು, ಸ್ಕ್ರೂ ತಲೆಯ ಅಳತೆ ಎಲ್ಲವನ್ನೂ ಬಾಯಿಪಾಠ ಮಾಡಿದೆ.

ಸಿಕ್ಕಿದ್ದು ಚಿಂಚೋಳಿಯ ಕಡೆ, ಚಿಮ್ಮನಚೋಡದಾಚೆಯ ಒಂದು ಹೊಲದಲ್ಲಿ. ಗಾಲಿ ಇಲ್ಲದ ಅಂಬಾಸಿಡರನ್ನು ಒಬ್ಬ ಮುದುಕಿ ಕೋಳಿಗೂಡು ಮಾಡಿಕೊಂಡಿದ್ದಳು. ಡ್ರೈವರ್ ಬಾಗಿಲಿನಲ್ಲಿ ನನಗೆ ಬೇಕಾದ ಹಿಡಿಕೆಯೇ ಇತ್ತು. ಮೇಲಿನ ಹೊಲಸು ಉಗುರಿನಿಂದ ಕೆರೆದು ನೋಡಿದರೆ ಕ್ರೋಮು ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು.

"ಇದ ತಗದ್ರ ಬಾಗಲಾ ಹೆಂಗ ಹಾಕ್ಲೆವ್ವಾ? ಕಾಡಬೆಕ್ಕ ಭಾಳ ಬರ್ತಾವ" ಎಂದಳು. ಪೇಂಟರ್ ಹಚ್ಚಿದ್ದ ಹೊಸ ಹಿಡಿಕೆ, ಅಳತೆಗೆಂದು ಬಿಚ್ಚಿ ತಂದದ್ದು, ನನ್ನ ಚೀಲದಲ್ಲೇ ಇತ್ತು. ಅದನ್ನು ಕೂರಿಸಿ, ನಾಲ್ಕು ಸಲ ತೆಗೆದು ಹಾಕಿ ತೋರಿಸಿದ ಮೇಲೆ ಮುದುಕಿ ಒಪ್ಪಿದಳು. ಇಷ್ಟು ದಿನದಲ್ಲಿ ನಡೀತದ ಬಿಡ್ರಿ ಅನ್ನದವಳು ಅವಳೊಬ್ಬಳೇ.

ಆ ಹಿಡಿಕೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಮ್ಮನ ಕೈಗೆ ಕೊಟ್ಟು, ಮುಂದಿನ ಭಾನುವಾರ ನಾನೇ ಬಂದು ಕೂರಿಸುತ್ತೇನೆ, ಮುಟ್ಟಬೇಡ ಅಂದಿದ್ದೆ. ಭಾನುವಾರ ಹೋದರೆ ಹಿಡಿಕೆ ಆಗಲೇ ಬಾಗಿಲಿಗೇರಿತ್ತು. ಕ್ರೋಮು ಮಾತ್ರ ಇರಲಿಲ್ಲ. ಒಳಗಿನ ಲೋಹ ಮೆತ್ತಗೆ, ಮಂಕಾಗಿ ಮಿನುಗುತ್ತಿತ್ತು.

"ನೋಡಕ್ಕಾ, ಕೋಳಿ ಹೊಲಸೆಲ್ಲ ಹೋಯ್ತು. ಮಷಿನ್ನಿಗಿ ಹಿಡದು ಪಾಲಿಶ್ ಹೊಡದೀನಿ!" ಎಂದು ತಮ್ಮ ಹಲ್ಲು ಕಿರಿದ.

ಕಲ್ಲಿನ ಮಷಿನ್ನಿಗೆ! ಶಹಾಬಾದಿನವರಿಗೆ ಈ ಒಂದು ಹುಚ್ಚು. ಬಿಂದಿಗೆಯಿರಲಿ, ದೇವರ ಗಂಟೆಯಿರಲಿ, ಮಂಕಾಗಿದ್ದು ಕಂಡರೆ ಫರ್ಸಿಯ ಹಿಟ್ಟಿಗೆ ಹಾಕಿ ತಿಕ್ಕಿಬಿಡುತ್ತಾರೆ. ನಾನು ಹೌಹಾರಿ ಕೂಗಾಡಿದೆ. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎರಡು ವರ್ಷ ಭಾನುವಾರ ಅಂದ್ರ ಏನಂತ ಮರತೀನಿ. ಅದನ್ನ ಎಲ್ಲಿಂದ ತಂದೀನಿ ಗೊತ್ತದ ಏನೋ ನಿನಗ?" ಪಾಲಿಶ್ ಮಷಿನ್ನುಗಳೆಲ್ಲ ಒಂದೊಂದಾಗಿ ನಿಂತವು. ಆಳುಗಳು ಕೆಲಸ ಬಿಟ್ಟು ನನ್ನನ್ನೇ ನೋಡಿದರು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

ಗಲಾಟೆ ಕೇಳಿ ಅಪ್ಪ ಕೋಲೂರುತ್ತ ಬಂದ. ಯಾರೂ ಕೈ ಹಿಡಿಯಲಿಲ್ಲ. ಗಾಡಿಯ ಮುಂಭಾಗ, ಮಡ್ಗಾರ್ಡು, ಬಾಗಿಲು ತಡವಿಕೊಂಡು ಬಂದ ಕೈ ಹಿಡಿಕೆಯ ಮೇಲೆ ನಿಂತಿತು. ಅವನು ಹೆಬ್ಬೆರಳಿನಿಂದ ಅದನ್ನು ಎರಡು ಸಲ ಸವರಿದ.

"ಹಾಂ, ಇದು ನಂದೇ" ಎಂದ.

"ಎಲ್ಲೀದಪ್ಪಾ? ಇವ ಕ್ರೋಮೆಲ್ಲ ಕಿತ್ತು ಹಾಕ್ಯಾನ!"

"ಕ್ರೋಮ್ ಎಲ್ಲಿತ್ತವ್ವಾ ಇದಕ್ಕ? ವಾರಕ್ಕೊಮ್ಮೆ ಫರ್ಸಿ ಹಿಟ್ಟು ಹಚ್ಚಿ ನಾನೇ ತಿಕ್ಕಿ ತಿಕ್ಕಿ ತಗದಿದ್ದೆ. ಇಲ್ಲಿ ಡ್ರೈವರ್ ಮಂದಿ ಎಲ್ಲಾ ಹಂಗೇ ಮಾಡ್ತಿದ್ದರು."

ಹಿಂದಿನ ಸೀಟಿನಲ್ಲಿ ಕೂತು ಬೆಳೆದವಳು ನಾನು; ಈ ಎರಡು ವರ್ಷವೂ ಧೂಳು ಮೆತ್ತಿದ ಆ ಹಿಡಿಕೆ ಹೇಗೂ ಇದೆಯಲ್ಲ ಎಂದು ಅದನ್ನು ಸರಿಯಾಗಿ ನೋಡಿದವಳಲ್ಲ. ತಮ್ಮ ಆ ಕಡೆ ಮುಖ ತಿರುಗಿಸಿ ನಗುತ್ತಿದ್ದ. ಅವನ ಮೇಲೆ ಇನ್ನೂ ಸಿಟ್ಟಿತ್ತು.

ಅಪ್ಪ ಬಾಗಿಲು ತೆಗೆದು ಒಳಗೆ ಕೂತ, ತನ್ನ ಜಾಗದಲ್ಲೇ. ಸ್ಟಿಯರಿಂಗ್ ಹಿಡಿದುಕೊಂಡು ನನ್ನ ಕಡೆ ತಿರುಗಿದ.

"ನಾಕ ತಾಲೂಕದ ಗುಜರಿಯವರಿಗೆಲ್ಲ ಕೇಳಿ ಬಂದಿ. ಕಣ್ಣು ಹೋಗ್ಯಾವ ಖರೆ, ನನಗ ಬಾಯಿ ಅದ ಅಲ್ಲೇನವ್ವಾ?"