ಕ್ಯಾಮೆರಾದ ಬೆನ್ನಿಗೊಂದು ಹೊದಿಕೆ

ವಸ್ತುಗಳ ವಿಷಯದಲ್ಲಿ ನಾನು ಜಿಪುಣನಲ್ಲ, ಪುಕ್ಕಲ. ಕಾಶಿಗೆ ವರ್ಗವಾಗಿ ಬಂದ ವರ್ಷ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅದರ ಬೆನ್ನ ಮೇಲಿನ ಪರದೆಗೆ ಎಲ್ಲಿ ಗೀರು ಬಿದ್ದೀತೋ ಎಂಬ ಭಯ ಅಂದಿನಿಂದಲೇ ಶುರುವಾಯಿತು. ಮೊದಲು ತೆಳ್ಳನೆಯ ಸ್ಕ್ರೀನ್ ಗಾರ್ಡ್ ಅಂಟಿಸಿದೆ. ಧೈರ್ಯ ಸಾಲದೆ ಅದರ ಮೇಲೆ ದಪ್ಪದ್ದೊಂದು. ನಡುವೆ ಗಾಳಿಗುಳ್ಳೆಗಳು ನಿಂತು, ಯಾವ ಚಿತ್ರ ನೋಡಿದರೂ ಮಂಜಿನಲ್ಲಿ ತೆಗೆದಂತೆ ಕಾಣುತ್ತಿತ್ತು. ಪರದೆ ಮಾತ್ರ ಕ್ಷೇಮ. ದೇಹವೇ ನಶ್ವರವೆಂದು ದಿನವಿಡೀ ಬೋಧಿಸುವ ಊರಿನಲ್ಲಿ ಕೂತು, ಬ್ಯಾಂಕಿನ ಗುಮಾಸ್ತನೊಬ್ಬ ಅಂಗೈಯಗಲದ ಗಾಜನ್ನು ಚಿರಂಜೀವಿ ಮಾಡಲು ಹೊರಟಿದ್ದ.

ಹೋದ ಕಾರ್ತಿಕದಲ್ಲಿ ಅಕ್ಕ, ಭಾವ ತುಮಕೂರಿನಿಂದ ಯಾತ್ರೆಗೆ ಬಂದಿದ್ದರು. ಕೇದಾರ ಘಾಟಿನ ಮೆಟ್ಟಿಲ ಮೇಲೆ, ಆಗತಾನೆ ಮಿಂದು ಬಂದ ಭಾವನದೊಂದು ಫೋಟೋ ತೆಗೆದೆ. ನೋಡಲು ಅವರು ಕೈ ಚಾಚಿದರು.

"ಕೈ ಒದ್ದೆ ಇದೆ ಭಾವ, ಆಮೇಲೆ ಕಳಿಸ್ತೀನಿ" ಎಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಬಿಟ್ಟೆ. ಭಾವ ನಕ್ಕು ಪಂಚೆಗೆ ಕೈ ಒರೆಸಿಕೊಂಡರು. ಊರು ಸೇರಿದ ಮೇಲೆ ಎರಡು ಸಲ ಫೋನು ಮಾಡಿ ಕೇಳಿದರು. ಕಳಿಸುತ್ತೇನೆ ಎಂದೆ, ಕಳಿಸಲಿಲ್ಲ. ಕಾರಣ ಹೇಳೋಣವೆಂದರೆ ಕಾರಣವೇ ಇಲ್ಲ.

ಈ ಮಾಘದಲ್ಲಿ ಅಕ್ಕ ಮತ್ತೆ ಬಂದಳು, ಭಾವನ ಅಸ್ಥಿಯ ಗಂಟಿನೊಡನೆ. ಅವಳಿಗೆ ಮಕ್ಕಳಿಲ್ಲ, ವಿಸರ್ಜನೆ ನನ್ನ ಕೈಯಲ್ಲೇ ಆಯಿತು. ಮುಗಿದ ಮೇಲೆ ಇಬ್ಬರೂ ಅದೇ ಮೆಟ್ಟಿಲ ಮೇಲೆ ಕೂತೆವು.

"ಅವತ್ತಿನ ಫೋಟೋ ಇದೆಯೇನೋ?"

ಕೇಳಿಯಾಳೆಂದು ಕ್ಯಾಮೆರಾ ತಂದಿದ್ದೆ. ಮುಂದೆ ಹಿಡಿದೆ. ಅಕ್ಕ ಕಣ್ಣು ಕಿರಿದು ಮಾಡಿದಳು. "ಇವರ ಮುಖ ಯಾಕೋ ಇಷ್ಟು ಮಸುಕು? ನನ್ನ ಕಣ್ಣೇ ಹೀಗಾಯ್ತೋ ಏನೋ."

"ನಿನ್ನ ಕಣ್ಣಲ್ಲ ಅಕ್ಕ."

ಉಗುರಿನಿಂದ ಕೆರೆದು ಎರಡೂ ಹಾಳೆಗಳನ್ನು ಕಿತ್ತೆ. ಭಾವ ಸ್ಪಷ್ಟವಾದರು. ಹುಬ್ಬಿನ ಮೇಲೆ ನಿಂತ ನೀರಿನ ಹನಿಯೂ ಕಂಡಿತು. ಅಕ್ಕ ಒದ್ದೆ ಬೆರಳಿನಿಂದ ಆ ಹನಿಯನ್ನು ಒರೆಸಲು ನೋಡಿದಳು. ನಾನು ಕ್ಯಾಮೆರಾ ಹಿಂದಕ್ಕೆಳೆಯಲಿಲ್ಲ.

"ಭಾವ ಎರಡು ಸಲ ಕೇಳಿದ್ರು. ನಾನೇ ಕಳಿಸಲಿಲ್ಲ."

"ಗೊತ್ತು ಕಣೋ. ಆಸ್ಪತ್ರೆಯಲ್ಲೂ ಒಂದ್ಸಲ ಕೇಳಿದ್ರು, ಬಂತಾ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಧ್ಯಾಹ್ನ ಕಾಶಿಯ ಲಂಕಾ ಬಡಾವಣೆಯ ಸ್ಟುಡಿಯೋ ಒಂದರಲ್ಲಿ ಪ್ರಿಂಟು ಹಾಕಿಸಿದೆವು. "ಲ್ಯಾಮಿನೇಷನ್ ಕರ್ ದೇಂ, ಮಾತಾಜಿ? ಖರಾಬ್ ನಹೀಂ ಹೋಗಾ" ಎಂದ ಅಂಗಡಿಯವ. ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಹಾಳಾಗುವುದಿಲ್ಲವಂತೆ ಎಂದು ಅಕ್ಕನಿಗೆ ತಿಳಿಸಿದೆ.

ಅವಳು ಫೋಟೋದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ಬೇಡ ಅನ್ನು," ಎಂದಳು. "ಹಾಳಾದ್ರೆ ಆಗ್ಲಿ. ನಾನಿರೋ ತನಕ ಮುಟ್ಟೋಕೆ ಬಂದ್ರೆ ಸಾಕು."