ಜಗಲಿಯಲ್ಲಿ ಕಲಸಿದ ಸಾಸಿವೆ

೧೯೯೭ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ನಮ್ಮೂರ ಪಕ್ಕದ ಕೋಟದಲ್ಲಿ ಮುಂಬಯಿ ಬಸ್ಸು ಹತ್ತಿದವನು ಪಾತ್ರೆ ತೊಳೆದೆ, ತರಕಾರಿ ಹೆಚ್ಚಿದೆ, ಹತ್ತು ವರ್ಷದೊಳಗೆ ದೊಡ್ಡ ಹೋಟೆಲೊಂದರಲ್ಲಿ ಸಾಸ್ ಮಾಡುವ ಜಾಗಕ್ಕೆ ಬಂದು ನಿಂತೆ. ಯಾರ ಶಿಫಾರಸೂ ಇರಲಿಲ್ಲ. ದುಡಿದೇ ಮೇಲೆ ಬಂದವನು ನಾನು.

ಅಲ್ಲಿ ನನ್ನ ಕೈಗೆ ಒಗ್ಗಿದ್ದು ಡಿಜಾನ್ ಮಸ್ಟರ್ಡ್. ಫ್ರಾನ್ಸಿನ ಕಡೆಯ, ಬೆಣ್ಣೆಯಂತೆ ನುಣ್ಣಗೆ ಅರೆದ ಸಾಸಿವೆ. ಬಾಯಲ್ಲಿಟ್ಟಾಗ ಸುಮ್ಮನಿದ್ದು ಆಮೇಲೆ ಮೂಗಿಗೆ ಹತ್ತುತ್ತದೆ. ಕೋಳಿಯನ್ನು ಕ್ರೀಮಿನಲ್ಲಿ ಬೇಯಿಸಿ, ಒಲೆ ಆರಿಸಿದ ಮೇಲೆ ಅದನ್ನು ಬೆರೆಸಬೇಕು. ಕುದಿಸಿದರೆ ಅದರ ಖಾರವೇ ಸತ್ತುಹೋಗುತ್ತದೆ. ಯಾರ್ಯಾರೋ ಗಂಡ ಹೆಂಡಿರು ಎದುರುಬದುರು ಕೂತು ಅದನ್ನು ತಿನ್ನುತ್ತಿದ್ದರು. ನನ್ನ ಹೆಂಡತಿ ಊರ ಕಡೆ, ಗುಲ್ವಾಡಿಯ ತನ್ನ ತಾಯಿಮನೆಯಲ್ಲಿದ್ದಳು.

ನಮ್ಮಲ್ಲಿ ಮನೆ ಹೆಣ್ಣಿನದು, ಮದುವೆಯಾದರೂ ಮಗಳು ತಾಯಿಮನೆಯಲ್ಲೇ ಉಳಿಯುತ್ತಾಳೆ. ಗದ್ದೆ, ದನ, ತಾಯಿ, ಇಷ್ಟನ್ನು ಬಿಟ್ಟು ಅವಳು ಬರುವ ಹಾಗಿರಲಿಲ್ಲ. ರಜೆಯಲ್ಲಿ ಹೋಗುವ ನಾನು ಅಲ್ಲಿ ಅಳಿಯ. ಅಳಿಯನಿಗೆ ಜಗಲಿಯಲ್ಲಿ ಮಣೆ, ಮೀನಿನ ದೊಡ್ಡ ತುಂಡು, ಎಲ್ಲರಿಗಿಂತ ಮೊದಲ ಊಟ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಊರೂರಿನವರು ನನ್ನ ಕೈಯಡುಗೆ ತಿಂದಿದ್ದರು, ಅವಳೊಬ್ಬಳು ತಿಂದಿರಲಿಲ್ಲ. ಒಂದು ಸಲವಾದರೂ ಅವಳಿಗೆ ಮಾಡಿ ಬಡಿಸಬೇಕು ಎಂಬುದು ಹೊಟ್ಟೆಯೊಳಗೇ ಕೂತಿತ್ತು.

ಮದುವೆಯಾದ ಮೂರನೇ ಬೇಸಿಗೆ ಒಂದು ಬಾಟಲಿ ಮಸ್ಟರ್ಡ್ ತಂದೆ. ಕೋಳಿಯನ್ನೂ ತರಿಸಿ ಒಳಗೆ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹ್ವಾಯ್, ನೀವ್ ಎಂತಕ್ಕೆ ಒಳ್ಗ್ ಬಪ್ಪುದ್? ಅಳಿಯ ಒಲಿ ಊದ್ರೆ ಊರಲ್ಲ್ ನನ್ ಮರ್ಯಾದಿ ಉಳಿತಾ?"

"ಮುಂಬಯಿಯಲ್ಲ್ ನಾನ್ ಮಾಡುದ್ ಅದೇ ಕೆಲ್ಸ ಅಲ್ದಾ ಅತ್ತೆ?"

"ಅಲ್ಲ್ ಮಾಡಿ. ಇಲ್ಲ್ ಕೂಕಣಿ."

ಬಾಗಿಲ ಹಿಂದೆ ಹೆಂಡತಿ ನಗುತ್ತಿದ್ದಳು. ನನ್ನ ಮುಖ ಸಣ್ಣದಾಯಿತು. ಜಗಲಿಯಲ್ಲಿ ಬಂದು ಕೂತ ಮೇಲೆ ಹೊಳೆಯಿತು: ಸಲಾಡಿನ ಡ್ರೆಸಿಂಗಿಗೆ ಒಲೆ ಬೇಡವಲ್ಲ!

ಮುಳ್ಳುಸೌತೆ, ಲಿಂಬೆ, ಉಪ್ಪು, ಒಂದು ಬಟ್ಟಲು, ಎಲ್ಲವನ್ನೂ ಜಗಲಿಗೇ ತರಿಸಿದೆ. ಆಲಿವ್ ಎಣ್ಣೆ ಎಲ್ಲಿಂದ ಬರಬೇಕು, ತೆಂಗಿನೆಣ್ಣೆಯೇ ಆಯಿತು. ಮಸ್ಟರ್ಡಿಗೆ ಲಿಂಬೆ ಹಿಂಡಿ, ಎಣ್ಣೆಯನ್ನು ನೂಲಿನಂತೆ ಬಿಡುತ್ತ ಚಮಚೆಯಲ್ಲಿ ತಿರುವಿದೆ. ಅವಸರ ಮಾಡಿದರೆ ಎಣ್ಣೆ ಬೇರೆಯಾಗಿ ಒಡೆದುಹೋಗುತ್ತದೆ. ದಪ್ಪವಾದದ್ದೇ ಸೌತೆಯ ಮೇಲೆ ಸುರಿದು ಅವಳ ಮುಂದಿಟ್ಟೆ.

"ಅಯ್ಯಬ್ಬ, ನೆತ್ತಿಗೇ ಹತ್ತಿತ್ ಮಾರಾಯ್ರೆ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ, "ಇನ್ನೊಂಚೂರ್ ಹಾಕಿ ಕಾಂಬ."

ಒಳಗಿಂದ ಅತ್ತೆ ಕೂಗಿದರು, "ಎಂತದ್ ಅದ್? ಪೂರಾ ಖಾಲಿ ಮಾಡ್ಬೇಡಿ."

ಅವಳು ಬಟ್ಟಲನ್ನು ಬೆರಳಲ್ಲಿ ಬಳಿದು ತಿನ್ನುವುದನ್ನೇ ನೋಡುತ್ತ ಕೂತಿದ್ದೆ. ಮರುವಾರ ರಜೆ ಮುಗಿಯಿತು.

ಈಗಲೂ ಫೋನಿನಲ್ಲಿ ಕೇಳುತ್ತಾಳೆ, "ಇವತ್ತ್ ಯಾರಿಗೆ ಎಂತ ಮಾಡಿ ಹಾಕಿದ್ರಿ?" ನಾನು ಹೇಳುತ್ತೇನೆ.

ಮುಂಬಯಿಯಲ್ಲಿ ನನಗೀಗ ಒಂದೇ ಕೋಣೆಯ ಖೋಲಿ, ಕೈಕೆಳಗೆ ಐದು ಮಂದಿ. ಗುಲ್ವಾಡಿಯಲ್ಲಿ ಹೆಂಡತಿ, ಒಬ್ಬಳು ಮಗಳು. ವರ್ಷಕ್ಕೆ ಇಪ್ಪತ್ತು ದಿನ ರಜೆ.