ಪುಟ್ಟಸ್ವಾಮಿ ಮತಯಂತ್ರಕ್ಕೆ ಕುಂಕುಮ ಇಟ್ಟಿದ್ದು

ಜಾವಗಲ್ಲಿನ ತೆಂಗು ಬೆಳೆಗಾರರ ಸಂಘದ ಉಗ್ರಾಣದ ಬೀಗದ ಕೈ ಇಪ್ಪತ್ತನಾಲ್ಕು ವರ್ಷದಿಂದ ಅಟೆಂಡರ್ ಪುಟ್ಟಸ್ವಾಮಿಯ ಉಡಿದಾರದಲ್ಲೇ ಇತ್ತು. ಅಷ್ಟು ವರ್ಷದಲ್ಲಿ ಅಧ್ಯಕ್ಷರು ಆರು ಮಂದಿ ಬದಲಾದರು, ಕಾರ್ಯದರ್ಶಿಗಳು ನಾಲ್ವರು ಬಂದು ಹೋದರು, ಉಗ್ರಾಣದಿಂದ ಒಂದು ಗೋಣಿಚೀಲವೂ ಕಾಣೆಯಾಗಲಿಲ್ಲ. ಸ್ನಾನಕ್ಕೆ ಹೋದರೂ ಅವನು ಅದನ್ನು ಬಿಚ್ಚುವವನಲ್ಲ. "ನನ್ನ ತಾಳಿಗಿಂತ ನಿಮ್ಮ ಬೀಗದ ಕೈಯೇ ಭದ್ರವಾಗೈತೆ" ಎಂದು ಹೆಂಡತಿ ಸಣ್ಣತಾಯಮ್ಮ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಅದು ಸೊಂಟದಲ್ಲಿದ್ದುದರಿಂದಲೇ ಊರಲ್ಲಿ ನಾಲ್ಕು ಜನ ಅವನನ್ನು ಪುಟ್ಟಸ್ವಾಮಣ್ಣ ಎನ್ನುತ್ತಿದ್ದರು.

ಈ ಸಲ ಆಡಳಿತ ಮಂಡಳಿಯ ಚುನಾವಣೆಗೆ ಚೀಟಿ ಬೇಡ, ಯಂತ್ರ ಇರಲಿ ಎಂದು ತೀರ್ಮಾನವಾಯಿತು. ಬೆಂಗಳೂರಿನ ಮತಸೂತ್ರ ಟೆಕ್ನಾಲಜೀಸ್ ಎಂಬ ಕಂಪನಿಯವರು ಎಂಟು ಮತಯಂತ್ರಗಳನ್ನು ಎಂಟು ನೀಲಿ ಪೆಟ್ಟಿಗೆಗಳಲ್ಲಿ ಇಳಿಸಿ, ಪೆಟ್ಟಿಗೆಗೊಂದರಂತೆ ಬೀಗದ ಕೈ ಕೊಟ್ಟು ಹೋದರು. ಅದರಲ್ಲಿ ಒಂದು ಕೈಯ ನಂಬರ್ ಚೀಟಿ ಉದುರಿತ್ತು. ಯಾವ ಪೆಟ್ಟಿಗೆಯದೆಂದು ನೋಡಲು ಪುಟ್ಟಸ್ವಾಮಿ ಒಂದನೆಯದಕ್ಕೆ ಹಾಕಿದ, ತೆರೆಯಿತು. ಸರಿಯೋ ತಪ್ಪೋ ಎಂದು ಎರಡನೆಯದಕ್ಕೂ ಹಾಕಿದ, ಅದೂ ತೆರೆಯಿತು. ಎಂಟೂ ತೆರೆದವು.

ಅವನು ಎಂಟಕ್ಕೂ ಮತ್ತೆ ಬೀಗ ಹಾಕಿದ. ನೇರ ಹೋಗಿ ಕಾರ್ಯದರ್ಶಿ ಭಾಷ್ಯಂ ಅವರ ಮೇಜಿನ ಮುಂದೆ ನಿಂತ.

"ಸಾರ್, ಎಂಟಕ್ಕೂ ಒಂದೇ ಕೈ ಆಯ್ತದೆ. ಯಾವನಾದ್ರೂ ಒಂದು ಎತ್ತಾಕ್ಕೊಂಡ್ರೆ ಮುಗೀತು."

ಭಾಷ್ಯಂ ಕಂಪನಿಗೆ ಫೋನ್ ಮಾಡಿದರು. ನಾಲ್ಕು ಸಲ ಹೂಂ ಎಂದು ಇಟ್ಟರು. "ಬೀಗ ಸುಮ್ನೆ ನೆಪಕ್ಕಂತೆ ಕಣಯ್ಯ. ಭದ್ರತೆ ಎಲ್ಲಾ ಒಳಗಿರೋ ಸಾಫ್ಟ್‌ವೇರ್‌ನಲ್ಲಿದೆಯಂತೆ."

"ನೆಪಕ್ಕಾದ್ರೆ ಬೀಗ ಯಾಕೆ ಬೇಕು ಸಾರ್?"

"ಬೇಕಾದ್ರೆ ಬರೆದುಕೊಡು, ಫೈಲಿಗೆ ಹಾಕ್ತೀನಿ."

ಪುಟ್ಟಸ್ವಾಮಿ ಬರೆದುಕೊಟ್ಟ. ಭಾಷ್ಯಂ ಫೈಲಿಗೆ ಹಾಕಿದರು. ಅಲ್ಲಿಗೆ ಆ ಕಾಗದದ ಕಥೆ ಮುಗಿಯಿತು. ಮಾರನೆಯ ದಿನ ಅಭ್ಯರ್ಥಿಗಳೆಲ್ಲ ಬಂದು, ಪ್ರತಿ ಪೆಟ್ಟಿಗೆಯ ಬಾಯಿಗೆ ನಂಬರ್ ಇರುವ ಕಾಗದದ ಸೀಲ್ ಅಂಟಿಸಿ, ಸಹಿ ಹಾಕಿ ಹೋದರು.

ಅದಾದ ವಾರಕ್ಕೆ ಆಯುಧಪೂಜೆ ಬಂತು. ಸಂಘದಲ್ಲಿ ಆ ಪೂಜೆ ಯಾವತ್ತೂ ಪುಟ್ಟಸ್ವಾಮಿಯದೇ. ಕೊಬ್ಬರಿ ತೂಗುವ ಸ್ಕೇಲು, ಕಂಪ್ಯೂಟರ್, ಕೊನೆಗೆ ಭಾಷ್ಯಂ ಅವರ ಸ್ಟೇಪ್ಲರ್ ಕೂಡ ಅವತ್ತು ಕುಂಕುಮವಿಲ್ಲದೆ ಉಳಿಯುತ್ತಿರಲಿಲ್ಲ. ಹೊಸದಾಗಿ ಬಂದ ಯಂತ್ರಗಳನ್ನು ಬಿಡುವುದುಂಟೆ? ಪೆಟ್ಟಿಗೆ ತೆರೆಯಲಿಲ್ಲ, ಅಲುಗಿಸಲೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ನಡುಮಧ್ಯೆ, ಹಣೆ ಇರಬೇಕಾದ ಜಾಗದಲ್ಲಿ, ನೀರಲ್ಲಿ ಕಲಸಿದ ಕುಂಕುಮ ಇಟ್ಟ. ಸೀಲ್ ಇದ್ದದ್ದೂ ಅಲ್ಲೇ. ಇಟ್ಟ ಕೈಗೆ ಅದೊಂದು ತಪ್ಪೆಂದು ಹೊಳೆಯಲೇ ಇಲ್ಲ.

ಚುನಾವಣೆಗೆ ಮೂರು ದಿನ ಇರುವಾಗ ಕಂಪನಿಯ ಎಂಜಿನಿಯರ್ ಮೇಧಿನಿ ತಪಾಸಣೆಗೆ ಬಂದಳು. ಅಭ್ಯರ್ಥಿಗಳು ಸುತ್ತ ನಿಂತರು. ಮೊದಲ ನಾಲ್ಕರ ನಂಬರ್ ಕುಂಕುಮದ ನಡುವೆಯೂ ಹೇಗೋ ಓದಿದಳು, ಐದನೇ ಪೆಟ್ಟಿಗೆಯ ಮುಂದೆ ಬಗ್ಗಿದವಳು ಏಳಲೇ ಇಲ್ಲ.

"ನಂಬರ್ ಓದೋಕೇ ಆಗ್ತಿಲ್ಲ. ಸೀಲಿನ ಅಂಚೂ ಎದ್ದಿದೆ. ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣಮ್ಮ, ಪೂಜೆ ಮಾಡ್ದೆ" ಎಂದ ಪುಟ್ಟಸ್ವಾಮಿ, ಶಹಭಾಸ್ ಸಿಗುತ್ತದೆಂಬಂತೆ.

ಚುನಾವಣೆಗೆ ನಿಂತಿದ್ದ ಹುಚ್ಚಣ್ಣ ಮುಂದೆ ನುಗ್ಗಿದ. "ಏನ್ಲಾ ಪುಟ್ಟಸ್ವಾಮಿ, ಪೂಜೆ ಮಾಡ್ದೋ, ಒಳಗೆ ಕೈ ಆಡಿಸ್ದೋ? ಯಾರು ಹೇಳ್ಕೊಟ್ರು ನಿಂಗೆ?"

"ಕೈ ಆಡ್ಸೋನು ಕೆಂಪಗೆ ಗುರುತು ಬಿಟ್ಟು ಹೋಯ್ತಾನೇನ್ಲಾ?" ಪುಟ್ಟಸ್ವಾಮಿ ಮೇಧಿನಿಯ ಕಡೆ ತಿರುಗಿದ. "ಅಮ್ಮಾ, ಸೀಲ್ ಅತ್ಲಾಗಿರಲಿ, ಬೀಗ ನೋಡಿ. ಒಂದು ಕೈ ಕೊಡಿ, ಎಂಟೂ ತೆಗ್ದು ತೋರಿಸ್ತೀನಿ."

ಭಾಷ್ಯಂ ಅವನ ರಟ್ಟೆ ಹಿಡಿದರು. "ಉಳಿದ ಸೀಲನ್ನೂ ಹರಿದುಹಾಕ್ಬೇಡ ಮಾರಾಯ."

ಪುಟ್ಟಸ್ವಾಮಿ ಸಿಕ್ಕಿಬಿದ್ದದ್ದು ಅಲ್ಲೇ. ತೋರಿಸಬೇಕಾದರೆ ಸೀಲ್ ಹರಿಯಬೇಕು, ಹರಿದರೆ ಅವನೇ ಕಳ್ಳ. ಯಂತ್ರಗಳು ಬೆಂಗಳೂರಿಗೆ ಹೋದವು, ಚುನಾವಣೆ ಮೂರು ವಾರ ಮುಂದೆ ಹೋಯಿತು. ತನಿಖೆ ಮುಗಿಯುವವರೆಗೆ ಉಗ್ರಾಣ ಬಿಟ್ಟುಕೊಡು ಎಂದು ಭಾಷ್ಯಂ ಅವನ ಮುಖ ನೋಡದೆ ಕೈ ಚಾಚಿದರು. ಇಪ್ಪತ್ತನಾಲ್ಕು ವರ್ಷದ ಗಂಟು ಬಿಚ್ಚಿಕೊಳ್ಳಲಿಲ್ಲ. ಕತ್ತರಿ ತಂದು ದಾರವನ್ನೇ ಕತ್ತರಿಸಿದರು. ಮಾರನೆಯ ದಿನದಿಂದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನು ಬರೀ ಪುಟ್ಟಸ್ವಾಮಿಯಾದ. ಅವನು ಬಂದರೆ ಮಾತು ನಿಲ್ಲುತ್ತಿತ್ತು, ಹೊರಟರೆ ಶುರುವಾಗುತ್ತಿತ್ತು.

ಮೂರು ವಾರ ಕಳೆದು ಮೇಧಿನಿ ಯಂತ್ರಗಳ ಜೊತೆ ವರದಿಯನ್ನೂ ತಂದಳು. ಭಾಷ್ಯಂ ಎಲ್ಲರೆದುರು ಓದಿದರು. ಯಂತ್ರಗಳನ್ನು ಯಾರೂ ತೆರೆದಿಲ್ಲ, ಯಾವ ಲೋಪವೂ ಇಲ್ಲ, ಸೀಲ್ ಹಾಳಾದದ್ದು ಕಾವಲುಗಾರನ ಅಜಾಗರೂಕತೆಯಿಂದ. ಪುಟ್ಟಸ್ವಾಮಿ ಬಾಗಿಲ ಬಳಿಯಿಂದ ಮುಂದೆ ಬಂದ.

"ಅಮ್ಮಾ, ಇನ್ನೂ ಸೀಲ್ ಹಾಕಿಲ್ಲ. ಒಂದನೇ ಕೈಯಲ್ಲಿ ಐದನೇ ಪೆಟ್ಟಿಗೆ ತೆಗೀರಿ, ಎಲ್ಲಾರೂ ನೋಡ್ಲಿ."

ಮೇಧಿನಿ ತಡವರಿಸಿದಳು. ಕೊನೆಗೆ ತಿರುಗಿಸಿದಳು. ಪೆಟ್ಟಿಗೆ ತೆರೆದುಕೊಂಡಿತು. "ನಾವು ಎಲ್ಲಾ ಊರಿಗೂ ಇದೇ ಬೀಗ ಕಳ್ಸೋದು" ಎಂದಳು ಸಣ್ಣ ದನಿಯಲ್ಲಿ.

ಪುಟ್ಟಸ್ವಾಮಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಈಗಲಾದರೂ ಯಾರಾದರೂ ಬಾಯಿ ಬಿಡುತ್ತಾರೆಂದು ಕಾದ. ಹುಚ್ಚಣ್ಣ ವಾಚ್ ನೋಡಿಕೊಂಡ.

"ಸರಿ ಸರಿ, ಸೀಲ್ ಹಾಕ್ರಿ, ಊಟದ ಹೊತ್ತಾಯ್ತು."

ಎಲ್ಲರೂ ಸಹಿ ಹಾಕಿ ಹೋದ ಮೇಲೆ ಭಾಷ್ಯಂ ಒಂದು ಹಾಳೆಯನ್ನೂ ಗೋಂದಿನ ಬಾಟಲಿಯನ್ನೂ ಕೊಟ್ಟು, ಉಗ್ರಾಣದ ಬಾಗಿಲಿಗೆ ಅಂಟಿಸಲು ಹೇಳಿದರು. ದಪ್ಪಕ್ಷರದಲ್ಲಿ ಬರೆದಿತ್ತು: ಮತಯಂತ್ರಗಳಿಗೆ ಅರಿಶಿನ, ಕುಂಕುಮ, ಹೂವು ಇಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಪುಟ್ಟಸ್ವಾಮಿ ಹಾಳೆಯ ಹಿಂಭಾಗವನ್ನೂ ತಿರುಗಿಸಿ ನೋಡಿದ.

"ಬೀಗದ ವಿಷ್ಯ ಬರ್ದಿಲ್ವಲ್ಲ ಸಾರ್?"

"ಅದು ಕಂಪನಿಯವರ ವಿಷಯ ಕಣಯ್ಯ."

"ಮತ್ತೆ ನನ್ನ ಬೀಗದ ಕೈ?"

"ಚುನಾವಣೆ ಮುಗೀಲಿ, ನೋಡೋಣ."

ಉಗ್ರಾಣದ ಬೀಗದ ಕೈ ಮೇಜಿನ ಮೇಲೆ, ಪೆನ್ನಿನ ಡಬ್ಬಿಯಲ್ಲಿ, ಹೋಗಿ ಬರುವವರ ಕೈಗೆ ಎಟಕುವಂತೆ ಬಿದ್ದಿತ್ತು. ತುಂಡಾದ ಉಡಿದಾರ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ಪುಟ್ಟಸ್ವಾಮಿ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಹೋಗಿ ನೋಟಿಸ್ ಅಂಟಿಸಿದ.